ಏಳನೆಯ ದಿನದ ಗುರುತು

ಈ ಉಪನ್ಯಾಸಕ್ಕೆ ಕಾರಣವಾದದ್ದು ಒಂದು ಪತ್ರ. ನಮ್ಮ ಸತ್ಯವೇದ ಅಧ್ಯಯನದ ಬಳಗಕ್ಕೆ ಹೊಸದಾಗಿ ಬರತೊಡಗಿದ ಒಬ್ಬ ತರುಣಿ ಅದನ್ನು ಬರೆದಿದ್ದರು. ಅವರು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವವರು. ಒಂದರ ಹಿಂದೊಂದರಂತೆ ಮೂರು ಶುಕ್ರವಾರ, ಸರಿಯಾಗಿ ಹೊತ್ತು ಮುಳುಗುವ ವೇಳೆಗೆ, ಅವರ ಕೆಲಸ ನಿಂತುಹೋಯಿತಂತೆ. ಮೊದಲನೆಯ ವಾರ ಕರೆಂಟು ಹೋಯಿತು. ಎರಡನೆಯ ವಾರ ಇಂಟರ್‌ನೆಟ್ ಕಡಿದುಹೋಯಿತು. ಮೂರನೆಯ ವಾರ ಕಂಪ್ಯೂಟರೇ ತನ್ನಷ್ಟಕ್ಕೆ ತಾನು ಆರಿ, ಅರ್ಧ ತುಂಬಿದ್ದ ಲೆಕ್ಕದ ಹಾಳೆ ಅಳಿಸಿಹೋಯಿತು. ವಾರದ ಏಳನೆಯ ದಿನ ಕೆಲಸ ಬಿಟ್ಟು ದೇವರಿಗಾಗಿ ವಿಶ್ರಮಿಸುವ ಸಬ್ಬತ್ ದಿನವನ್ನು ಆಚರಿಸಬೇಕೋ ಬೇಡವೋ ಎಂದು ಆರು ತಿಂಗಳಿಂದ ಮನಸ್ಸಿನಲ್ಲೇ ತೂಗಿ ನೋಡುತ್ತಿದ್ದ ಅವರು ಪತ್ರದ ಕೊನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಇದು ದೇವರು ನನಗೆ ಕೊಡುತ್ತಿರುವ ಸೂಚನೆಯೇ?"

ನಾನು ಕೂಡಲೇ ಉತ್ತರಿಸಲಿಲ್ಲ. ಹೌದು ಎನ್ನುವುದು ಸುಲಭವಾಗಿತ್ತು. ಅವರು ಆ ವಾರದಿಂದಲೇ ಸಬ್ಬತ್ ಆಚರಣೆಗೆ ತೊಡಗಿಬಿಡುತ್ತಿದ್ದರು. ಇಲ್ಲ, ಇದೆಲ್ಲ ಆಕಸ್ಮಿಕ ಎನ್ನುವುದೂ ಅಷ್ಟೇ ಸುಲಭವಾಗಿತ್ತು. ಆದರೆ ಎರಡು ಉತ್ತರಗಳಲ್ಲಿಯೂ ನನಗೆ ಏನೋ ಕೊರತೆ ಕಾಣಿಸಿತು. ದಿನನಿತ್ಯದ ಘಟನೆಗಳಲ್ಲಿ ದೇವರ ದನಿಯನ್ನು ಕೇಳಿಸಿಕೊಳ್ಳಲು ಹಂಬಲಿಸುವ ಮನಸ್ಸು ಅಮೂಲ್ಯವಾದದ್ದು, ಅದನ್ನು ಚಿವುಟಬಾರದು. ಹಾಗೆಂದು ಕರೆಂಟು ಹೋದದ್ದನ್ನೇ ಆಧಾರವಾಗಿ ಮಾಡಿಕೊಂಡು ಕಟ್ಟಿದ ನಂಬಿಕೆ, ಕರೆಂಟು ಹೋಗದ ಶುಕ್ರವಾರ ಏನಾಗಬೇಕು? ಈ ಎರಡು ಮಾತುಗಳ ನಡುವೆ ನಿಂತು ಯೋಚಿಸಿದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ. ನಾನು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್ತನ್ನು ಆಚರಿಸುವವನು. ಭಾನುವಾರವನ್ನು ಕರ್ತನ ದಿನವೆಂದು ಆಚರಿಸುವ ಬಂಧುಗಳೂ ಇಲ್ಲಿ ಕುಳಿತಿದ್ದೀರಿ. ಯಾವ ದಿನ ಎಂಬ ಚರ್ಚೆಯನ್ನು ಇಂದು ಎತ್ತುವುದಿಲ್ಲ. ಇಂದಿನ ಪ್ರಶ್ನೆ ನಮ್ಮಿಬ್ಬರಿಗೂ ಸಮಾನವಾದದ್ದು.

ಮೊದಲು ಒಂದು ಶಬ್ದವನ್ನು ನೋಡೋಣ. ಸತ್ಯವೇದದ ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರ ನಾಯಕ ಮೋಶೆಗೆ ಸಬ್ಬತ್ತಿನ ವಿಷಯವಾಗಿ ಹೇಳುವಾಗ, ಇದು ನನಗೂ ನಿಮಗೂ ತಲತಲಾಂತರಕ್ಕೂ ಇರುವ ಗುರುತು ಎನ್ನುತ್ತಾನೆ. ಹೀಬ್ರೂ ಮೂಲದಲ್ಲಿರುವ ಶಬ್ದ 'ಓತ್'. ಕಾಮನಬಿಲ್ಲನ್ನು ಒಡಂಬಡಿಕೆಯ ಗುರುತೆಂದು ನೋಹನಿಗೆ ಹೇಳಿದ ಕಡೆಯೂ ಇದೇ ಶಬ್ದ, ಸುನ್ನತಿಯನ್ನು ಗುರುತೆಂದು ಅಬ್ರಹಾಮನಿಗೆ ಹೇಳಿದ ಕಡೆಯೂ ಇದೇ ಶಬ್ದ. ಕನ್ನಡದಲ್ಲಿ ನಾವು ಶಕುನ ಎನ್ನುವುದು ಬೇರೆ, ಗುರುತು ಎನ್ನುವುದು ಬೇರೆ. ಶಕುನ ಹೊರಗಿನಿಂದ ಬರುತ್ತದೆ; ಅದನ್ನು ನೋಡಿ ಮುಂದೇನು ಮಾಡಬೇಕೆಂದು ನಿರ್ಧರಿಸುತ್ತೇವೆ. ಗುರುತು ಹಾಗಲ್ಲ. ಜಾತ್ರೆಯ ನೂಕುನುಗ್ಗಲಿನಲ್ಲಿ ತಾಯಿ ಮಗುವನ್ನು ಗುರುತು ಹಿಡಿಯುತ್ತಾಳೆ. ಗುರುತು ಎಂಬುದು ಇಬ್ಬರ ನಡುವಿನ ನಂಟಿಗೆ ಸೇರಿದ್ದು. ಸಬ್ಬತ್ತಿನ ಬಗ್ಗೆ ಸೂಚನೆ ಎಲ್ಲಿದೆ ಎಂದು ನಾವು ಹುಡುಕುತ್ತೇವೆ. ಶಾಸ್ತ್ರವಾದರೋ ಸಬ್ಬತ್ತೇ ಗುರುತು ಎನ್ನುತ್ತದೆ. ಗುರುತಿಗೆ ಇನ್ನೊಂದು ಗುರುತು ಬೇಕೇ?

ಬೇಕು ಎಂದು ಮನುಷ್ಯರಿಗೆ ಅನಿಸುತ್ತಲೇ ಬಂದಿದೆ, ಅದಕ್ಕೊಂದು ಕಾರಣವೂ ಇದೆ. ಭೂಮಿ ಒಮ್ಮೆ ತನ್ನ ಸುತ್ತ ತಿರುಗಿದರೆ ದಿನವಾಗುತ್ತದೆ, ಚಂದ್ರ ಬೆಳೆದು ಕರಗಿದರೆ ತಿಂಗಳಾಗುತ್ತದೆ, ಋತುಗಳು ಸುತ್ತಿ ಬಂದರೆ ವರ್ಷವಾಗುತ್ತದೆ. ಏಳು ದಿನಗಳ ವಾರಕ್ಕೆ ಮಾತ್ರ ಆಕಾಶದಲ್ಲಿ ಇಂಥ ಸಾಕ್ಷಿ ಇಲ್ಲ. ಏಳನೆಯ ದಿನ ಸೂರ್ಯ ಬೇರೆ ಬಣ್ಣದಲ್ಲಿ ಹುಟ್ಟುವುದಿಲ್ಲ, ಹಕ್ಕಿಗಳು ಅಂದು ಕಾಳು ಹೆಕ್ಕದೆ ಸುಮ್ಮನಿರುವುದಿಲ್ಲ. 1793ರಲ್ಲಿ ಫ್ರಾನ್ಸಿನ ಕ್ರಾಂತಿಯ ಸರಕಾರ ಹತ್ತು ದಿನಗಳ ವಾರವನ್ನು ಜಾರಿಗೆ ತಂದಿತು. 1929ರಲ್ಲಿ ಸೋವಿಯತ್ ಒಕ್ಕೂಟ ಐದು ದಿನಗಳ ವಾರವನ್ನು ತಂದಿತು. ಪ್ರಕೃತಿ ಎರಡನ್ನೂ ಪ್ರತಿಭಟಿಸಲಿಲ್ಲ. ಆ ಎರಡು ಏರ್ಪಾಡುಗಳೂ ಉಳಿಯಲಿಲ್ಲ, ನಿಜ. ಆದರೆ ಏಳರ ಎಣಿಕೆ ಮರಳಿ ಬಂದದ್ದು ಆಕಾಶದ ಬಲದಿಂದಲ್ಲ, ಅದನ್ನು ಎಣಿಸುತ್ತಲೇ ಬಂದ ಜನರಿಂದ.

ರಬ್ಬಿಗಳೆಂಬ ಯೆಹೂದ್ಯ ಧರ್ಮಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿ ಇದಕ್ಕೆ ಹೊಂದುವ ಒಂದು ಚರ್ಚೆ ಬರುತ್ತದೆ. ಮರುಭೂಮಿಯಲ್ಲಿ ದಾರಿ ತಪ್ಪಿದ ಒಬ್ಬನಿಗೆ ಇಂದು ಯಾವ ವಾರವೆಂಬುದೇ ಮರೆತುಹೋಗಿದೆ. ಅವನು ಸಬ್ಬತ್ತನ್ನು ಹೇಗೆ ಆಚರಿಸಬೇಕು? ಆರು ದಿನ ಎಣಿಸಿ ಏಳನೆಯದನ್ನು ಆಚರಿಸಲಿ ಎನ್ನುತ್ತಾರೆ ರಬ್ಬಿ ಹೂನ. ಮೊದಲು ಒಂದು ದಿನ ಆಚರಿಸಿ ಆಮೇಲೆ ಆರು ಎಣಿಸಲಿ ಎನ್ನುತ್ತಾರೆ ಹಿಯ್ಯ ಬಾರ್ ರಾವ್. ಒಬ್ಬರು ಲೋಕ ಸೃಷ್ಟಿಯಾದ ಕ್ರಮವನ್ನು ನೋಡಿದರು, ಇನ್ನೊಬ್ಬರು ಆರನೆಯ ದಿನ ಉಂಟಾದ ಆದಾಮನ ಕಡೆಯಿಂದ ನೋಡಿದರು. ಆದಾಮನು ಕಂಡ ಮೊದಲ ಪೂರ್ಣ ದಿನವೇ ಸಬ್ಬತ್ತಲ್ಲವೇ? ಈ ಎರಡು ಅಭಿಪ್ರಾಯಗಳಿಗಿಂತ ಹೆಚ್ಚಾಗಿ ನನ್ನನ್ನು ತಟ್ಟುವುದು ಅವರು ಆಡದೆ ಬಿಟ್ಟ ಮಾತು. ಆಕಾಶವನ್ನು ನೋಡು, ಮರಳಿನಲ್ಲಿ ಗುರುತು ಹುಡುಕು, ಕನಸಿಗಾಗಿ ಕಾಯು ಎಂದು ಇಬ್ಬರಲ್ಲಿ ಒಬ್ಬರೂ ಹೇಳಲಿಲ್ಲ. ಎಣಿಸು ಎಂದರು. ದಾರಿ ತಪ್ಪಿದವನ ಕೈಯಲ್ಲಿ ಉಳಿದದ್ದು ಎಣಿಕೆ ಒಂದೇ, ಅದನ್ನೇ ದೇವರಿಗೆ ಒಪ್ಪಿಸಲಿ ಎಂದರು.

ಹಾಗಿದ್ದರೂ ಪ್ರಕೃತಿಯಿಂದ ಸಾಕ್ಷಿ ಹೇಳಿಸುವ ಆಸೆ ಬಲವಾದದ್ದೇ. ವಾರದ ಎಣಿಕೆಗೆ ತಕ್ಕಂತೆ ಹರಿದು ನಿಲ್ಲುತ್ತದೆಂದು ಹೇಳುವ ಸಂಬಾತ್ಯೋನ್ ಎಂಬ ನದಿಯ ಕಥೆ ಇಂಥ ಆಸೆಯಿಂದಲೇ ಹಬ್ಬಿತು. ಈ ದಿನ ಮಿಕ್ಕ ದಿನಗಳಿಗಿಂತ ಹೇಗೆ ಹೆಚ್ಚು ಎಂದು ರೋಮನ್ ಅಧಿಕಾರಿಯೊಬ್ಬ ಕೇಳಿದಾಗ ರಬ್ಬಿ ಅಕೀವ ಕೊಟ್ಟ ಉತ್ತರಗಳಲ್ಲಿ ಈ ನದಿಯೂ ಒಂದು ಎಂದು ತಾಲ್ಮುದ್ ಹೇಳುತ್ತದೆ. ಮೊದಲನೆಯ ಶತಮಾನದ ಇಬ್ಬರು ಲೇಖಕರು ಇಂಥ ನದಿಯೊಂದರ ಬಗ್ಗೆ ಬರೆದಿದ್ದಾರೆ. ರೋಮಿನ ಪ್ಲೀನಿಯ ಪ್ರಕಾರ ಯೂದಾಯದ ಒಂದು ತೊರೆ ಪ್ರತಿ ಸಬ್ಬತ್ ದಿನ ಬತ್ತುತ್ತದೆ. ಯೆಹೂದ್ಯ ಇತಿಹಾಸಕಾರ ಜೋಸೀಫಸನ ಪ್ರಕಾರ ಸಿರಿಯದ ಕಡೆಯ ಆ ನದಿ ಆರು ದಿನ ಬತ್ತಿದ್ದು ಏಳನೆಯ ದಿನ ಮಾತ್ರ ತುಂಬಿ ಹರಿಯುತ್ತದೆ. ಒಂದೇ ಸೂಚನೆಗೆ ಇಬ್ಬರು ಸಾಕ್ಷಿಗಳು, ಒಬ್ಬನ ಮಾತು ಇನ್ನೊಬ್ಬನ ಮಾತಿಗೆ ತೀರ ವಿರುದ್ಧ. ಆದರೂ ಎರಡು ಕಥೆಗಳೂ ಸಬ್ಬತ್ತಿನ ಮಹಿಮೆಯನ್ನೇ ಹೇಳುವಂತೆ ಕೇಳಿಸುತ್ತವೆ: ಬತ್ತಿದರೆ ನದಿ ವಿಶ್ರಮಿಸಿತು ಎನ್ನಬಹುದು, ಹರಿದರೆ ನದಿ ಹಬ್ಬ ಮಾಡಿತು ಎನ್ನಬಹುದು. ಘಟನೆ ಯಾವುದೇ ಇರಲಿ, ಅದರಲ್ಲಿ ನಮಗೆ ಬೇಕಾದ ಅರ್ಥವನ್ನು ಕಾಣುವ ಶಕ್ತಿ ನಮ್ಮ ಮನಸ್ಸಿಗಿದೆ. ಘಟನೆಗಳನ್ನು ಓದಲು ಹೊರಟವರು ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿ ಇದು.

ಹಾಗಾದರೆ ದೇವರು ದಿನನಿತ್ಯದ ಘಟನೆಯ ಮೂಲಕ ಸಬ್ಬತ್ತನ್ನು ಎಂದೂ ಕಲಿಸಲಿಲ್ಲವೇ? ಕಲಿಸಿದನು. ಒಮ್ಮೆ ಕಲಿಸಿದನು, ಅದೂ ಅಡುಗೆಯ ಪಾತ್ರೆಯ ಮೂಲಕ ಕಲಿಸಿದನು. ವಿಮೋಚನಕಾಂಡದ 16ನೆಯ ಅಧ್ಯಾಯವನ್ನು ನೀವೆಲ್ಲ ಓದಿದ್ದೀರಿ. ಆದರೂ ಅದನ್ನು ಮತ್ತೊಮ್ಮೆ ನಿಧಾನವಾಗಿ ನೋಡೋಣ. ಹತ್ತು ಆಜ್ಞೆಗಳು ಇನ್ನೂ ಬಂದಿಲ್ಲ. ಸೀನಾಯಿ ಬೆಟ್ಟ ಇನ್ನೂ ದೂರವಿದೆ. ಐಗುಪ್ತದಲ್ಲಿ, ಎಂದರೆ ಈಜಿಪ್ಟಿನಲ್ಲಿ, ತಲೆಮಾರುಗಳಿಂದ ಇಟ್ಟಿಗೆ ಮಾಡಿ ಮಾಡಿ ಬಂದ ಜನ, ಬಿಡುವು ಎಂಬುದನ್ನೇ ಕಾಣದ ಜನ, ಹಸಿದು ಗೊಣಗುತ್ತಿದ್ದಾರೆ. ಬೆಳಗಾಗುವಾಗ ನೆಲದ ಮೇಲೆ ಕೊತ್ತಂಬರಿ ಬೀಜದಂತೆ ಬೆಳ್ಳಗಿನ ಮನ್ನ, ದೇವರು ಕೊಟ್ಟ ಆಹಾರ, ಬಿದ್ದಿರುತ್ತದೆ. ಒಬ್ಬೊಬ್ಬರಿಗೆ ಒಂದು ಓಮೆರ್, ಎಂದರೆ ಎರಡು ಲೀಟರಿನ ಆಸುಪಾಸು. ಬಿಸಿಲೇರಿದರೆ ಉಳಿದದ್ದು ಕರಗಿಹೋಗುತ್ತದೆ. ನಾಳೆಗೆಂದು ಬಚ್ಚಿಟ್ಟರೆ ಹುಳ ಬಿದ್ದು ನಾರುತ್ತದೆ. ಆರನೆಯ ದಿನ ಕೂಡಿಸಿದ್ದನ್ನು ನೋಡಿದರೆ ತಲೆಗೆ ಎರಡು ಓಮೆರ್ ಆಗಿದೆ.

ಇಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ವಿವರವಿದೆ. ಎರಡರಷ್ಟು ಕೂಡಿಸಿದ್ದನ್ನು ಕಂಡು ಸಮೂಹದ ಮುಖ್ಯಸ್ಥರು ಮೋಶೆಯ ಬಳಿಗೆ ಬಂದು ವರದಿ ಮಾಡುತ್ತಾರೆ. ನಾಳೆ ಯೆಹೋವನಿಗೆ ಪರಿಶುದ್ಧವಾದ ಸಬ್ಬತ್ ಎಂದು ಮೋಶೆ ಜನರಿಗೆ ವಿವರಿಸುವುದು ಆಮೇಲೆ. ಜನರ ಮಟ್ಟಿಗೆ ಘಟನೆ ಮೊದಲು ಬಂತು, ಅರ್ಥ ಹಿಂದಿನಿಂದ ಬಂತು. ಅಂದು ರಾತ್ರಿ ಒಬ್ಬ ತಾಯಿ ಉಳಿದ ಮನ್ನವನ್ನು ಪಾತ್ರೆಯಲ್ಲಿ ಮುಚ್ಚಿಟ್ಟಾಗ ಅವಳಿಗೆ ಏನನಿಸಿರಬೇಕು ಎಂದು ಯೋಚಿಸಿ ನೋಡಿ. ಹಿಂದೊಮ್ಮೆ ಬಚ್ಚಿಟ್ಟದ್ದು ಹೇಗೆ ನಾತ ಹೊಡೆದಿತ್ತೆಂಬುದು ಅವಳ ಮೂಗಿಗೆ ನೆನಪಿದೆ. ಬೆಳಿಗ್ಗೆ ಎದ್ದು ಮುಚ್ಚಳ ತೆಗೆಯುತ್ತಾಳೆ, ಬಗ್ಗಿ ನೋಡುತ್ತಾಳೆ. ಹುಳವಿಲ್ಲ, ವಾಸನೆಯಿಲ್ಲ. ಸಬ್ಬತ್ತಿನ ಮೊದಲ ಪಾಠವನ್ನು ಅವಳು ಕಲಿತದ್ದು ಹಾಗೆ, ಮುಚ್ಚಳ ತೆಗೆದು ಮೂಸಿ ನೋಡಿ. ಅಂದು ಕೂಡ ಕೆಲವರು ಕೂಡಿಸಲು ಹೊರಗೆ ಹೋದರು, ಏನೂ ಸಿಗಲಿಲ್ಲ. ಅವರನ್ನು ನಾನು ಹಳಿಯಲಾರೆ. ನಾಳೆಯ ಹಸಿವಿನ ಹೆದರಿಕೆ ಮೈಗೂಡಿದವರಿಗೆ ಪಾತ್ರೆ ತುಂಬಿದ್ದರೂ ಕೈ ಸುಮ್ಮನಿರುವುದಿಲ್ಲ.

ಹೀಗೆ 40 ವರ್ಷ ನಡೆಯಿತು. ಎರಡು ಸಾವಿರಕ್ಕೂ ಮಿಕ್ಕಿ ವಾರಗಳ ಕಾಲ, ಪ್ರತಿ ಆರನೆಯ ದಿನ ಎರಡರಷ್ಟು, ಪ್ರತಿ ಏಳನೆಯ ದಿನ ಬರಿಯ ನೆಲ. ಇದಕ್ಕಿಂತ ಸ್ಪಷ್ಟವಾದ, ಇದಕ್ಕಿಂತ ಎಡೆಬಿಡದ ಸೂಚನೆ ಇನ್ನೊಂದಿಲ್ಲ. ಆಮೇಲೆ ಅದು ನಿಂತುಹೋಯಿತು. ಯೆಹೋಶುವನ ಗ್ರಂಥದ 5ನೆಯ ಅಧ್ಯಾಯದಲ್ಲಿ ಒಂದೇ ಮಾತಿನಲ್ಲಿ ಬರುತ್ತದೆ: ಜನರು ಕಾನಾನ್ ದೇಶದ ಬೆಳೆಯನ್ನು ಉಂಡ ಮರುದಿನದಿಂದ ಮನ್ನ ಬೀಳಲಿಲ್ಲ. ಅಂದಿನಿಂದ ಏಳನೆಯ ದಿನವೂ ಹೊಲದಲ್ಲಿ ಗೋದಿ ನಿಂತಿರುತ್ತದೆ. ಕೊಯ್ದರೆ ಕೈಗೆ ಬರುತ್ತದೆ, ಕಣಜ ತುಂಬುತ್ತದೆ. ಕೆಲಸಕ್ಕೆ ಹೋದವನು ಇನ್ನು ಬರಿಗೈಯಲ್ಲಿ ಮರಳುವುದಿಲ್ಲ. ಉಳುವ ಕಾಲದಲ್ಲಿಯೂ ಕೊಯ್ಯುವ ಕಾಲದಲ್ಲಿಯೂ ಏಳನೆಯ ದಿನ ವಿಶ್ರಮಿಸಬೇಕೆಂದು ವಿಮೋಚನಕಾಂಡದ 34ನೆಯ ಅಧ್ಯಾಯ ಮೊದಲೇ ಹೇಳಿದ್ದ ಮಾತಿನ ಭಾರ ಅವರಿಗೆ ತಿಳಿದದ್ದು ಆಗಲೇ ಇರಬೇಕು. ಸೂಚನೆಯ ಕಾಲ ಮುಗಿದು ಗುರುತಿನ ಕಾಲ ಮೊದಲಾಯಿತು. ನಡೆಯಲು ಕಲಿಯುವ ಮಗುವಿನ ಬೆರಳನ್ನು ತಾಯಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾಳೆ, ಆದರೆ ಅಂಗಳ ಬಿಟ್ಟು ಹೋಗುವುದಿಲ್ಲ. ಮನ್ನ ನಿಂತದ್ದನ್ನು ನಾನು ಹಾಗೆಂದೇ ಓದಿಕೊಳ್ಳುತ್ತೇನೆ.

ಇನ್ನು ಕಷ್ಟದ ಮಾತಿಗೆ ಬರುತ್ತೇನೆ. ಸಬ್ಬತ್ತಿನ ಹೆಸರಿನಲ್ಲಿ ಸೂಚನೆ ಹುಡುಕುವವರು ತಮ್ಮ ಬದುಕಿಗಿಂತ ಹೆಚ್ಚಾಗಿ ಇತರರ ಬದುಕಿನಲ್ಲಿ ಹುಡುಕಿದ್ದಾರೆ, ಅದರಲ್ಲಿಯೂ ಇತರರ ದುಃಖದಲ್ಲಿ. 1583ರ ಜನವರಿ 13 ಒಂದು ಭಾನುವಾರ. ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಪ್ಯಾರಿಸ್ ಗಾರ್ಡನ್ ಎಂಬ ಸ್ಥಳದಲ್ಲಿ, ಕರಡಿಯ ಮೇಲೆ ನಾಯಿಗಳನ್ನು ಬಿಟ್ಟು ಕಾದಾಡಿಸುವ ಆಟವನ್ನು ನೋಡಲು ಜನ ನೆರೆದಿದ್ದರು. ಅವರು ನಿಂತಿದ್ದ ಮರದ ಅಟ್ಟಣಿಗೆ ಕುಸಿದು ಹಲವರು ಸತ್ತರು. ಭಾನುವಾರವನ್ನೇ ಸಬ್ಬತ್ತೆಂದು ಕರೆಯುತ್ತಿದ್ದ ಬೋಧಕರು, ಇದು ಸಬ್ಬತ್ತನ್ನು ಮುರಿದವರಿಗೆ ದೇವರು ಕೊಟ್ಟ ತೀರ್ಪು ಎಂದು ಸಾರಿದರು. 1636ರಲ್ಲಿ ಅದೇ ಇಂಗ್ಲೆಂಡಿನಲ್ಲಿ ಇಂಥ ಹತ್ತಾರು ಘಟನೆಗಳನ್ನು ಕಲೆಹಾಕಿದ ಒಂದು ಕಿರುಹೊತ್ತಗೆಯೇ ಹೊರಬಂತು. ಭಾನುವಾರ ದುಡಿದವರಿಗೆ, ಆಡಿದವರಿಗೆ ಒದಗಿದ ಸಾವುನೋವುಗಳನ್ನು ಅದರಲ್ಲಿ ಒಂದೊಂದಾಗಿ ಪಟ್ಟಿ ಮಾಡಲಾಗಿತ್ತು. ಮಂಗಳವಾರ ಮುಳುಗಿದವರನ್ನು, ಗುರುವಾರ ಬಿದ್ದವರನ್ನು ಅಂಥ ಪಟ್ಟಿಗೆ ಯಾರೂ ಸೇರಿಸುವುದಿಲ್ಲ.

ನಾನು ಅವರನ್ನು ದೂರದಿಂದ ಟೀಕಿಸುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬಳಗದ ಒಬ್ಬರ ಮಗ ಶನಿವಾರ ಕೆಲಸದ ಸ್ಥಳದಲ್ಲಿ ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತಿದ್ದಾಗ ಒಬ್ಬರು ತಗ್ಗಿದ ದನಿಯಲ್ಲಿ, "ದಿನ ಯಾವುದು ನೋಡಿದಿರಾ?" ಎಂದರು. ನಾನು ಮಾತಾಡಲಿಲ್ಲ, ಆದರೆ ತಲೆಯಾಡಿಸಿದೆ. ಹುಡುಗನ ತಾಯಿ ಎರಡು ಹೆಜ್ಜೆ ಆಚೆಗೆ ಗೋಡೆಗೆ ಒರಗಿ ನಿಂತಿದ್ದರು. ಅವರಿಗೆ ಕೇಳಿಸಿತೆಂದು ಅವರ ಮುಖದಿಂದಲೇ ತಿಳಿಯಿತು. ಆ ತಲೆಯಾಡಿಸುವಿಕೆಗಾಗಿ ನಾನು ಆಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕ್ಷಮಿಸಿದರು, ಆದರೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ ಎಂಬುದು, ಮಾತಿಲ್ಲದೆ ಆಡಿದ್ದಕ್ಕೂ ಸಲ್ಲುತ್ತದೆಂದು ಅಂದು ತಿಳಿದುಕೊಂಡೆ.

ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಮಿಕ್ಕವರಿಗಿಂತ ಹೆಚ್ಚು ಅಪರಾಧಿಗಳೆಂದು ನೆನೆಸುತ್ತೀರೋ ಎಂದು ಯೇಸು ಕೇಳಿ, ಅಲ್ಲ ಎಂದು ತಾನೇ ಉತ್ತರಿಸಿದ ಮಾತು ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಒಂದು ಸಬ್ಬತ್ ದಿನ ಸಭಾಮಂದಿರದಲ್ಲಿ, 18 ವರ್ಷಗಳಿಂದ ನಡುಬಗ್ಗಿ ನೆಟ್ಟಗೆ ನಿಲ್ಲಲಾರದ ಹೆಂಗಸನ್ನು ಅವನು ಗುಣಪಡಿಸುತ್ತಾನೆ. ಸಭಾಮಂದಿರದ ಅಧಿಕಾರಿ ಸಿಟ್ಟಾದಾಗ, ನೀವು ಸಬ್ಬತ್ ದಿನದಲ್ಲಿ ನಿಮ್ಮ ಎತ್ತನ್ನೂ ಕತ್ತೆಯನ್ನೂ ಕೊಟ್ಟಿಗೆಯಿಂದ ಬಿಚ್ಚಿ ನೀರಿಗೆ ಹಿಡಿದುಕೊಂಡು ಹೋಗುವುದಿಲ್ಲವೇ ಎನ್ನುತ್ತಾನೆ. ಹಗ್ಗ ಬಿಚ್ಚುವುದು: ಪ್ರತಿ ಮನೆಯಲ್ಲಿ, ಪ್ರತಿ ಸಬ್ಬತ್ತಿನಂದು, ಯಾರೂ ಗಮನಿಸದೆ ನಡೆಯುತ್ತಿದ್ದ ಕೆಲಸ. ಯೇಸು ತೋರಿಸಿದ ಸೂಚನೆ ಅದು. ಬುರುಜು ಕುಸಿದದ್ದರಲ್ಲಿ ತೀರ್ಪನ್ನು ಓದಬೇಡಿ ಎಂದವನೇ ಕೊಟ್ಟಿಗೆಯ ಹಗ್ಗವನ್ನು ಓದಿ ಎಂದನು.

ಇದರ ಜೊತೆಗೆ ತಾಲ್ಮುದಿನ ಇನ್ನೊಂದು ಕಥೆಯನ್ನು ಹೇಳಲೇಬೇಕು, ಏಕೆಂದರೆ ನನ್ನ ಕಣ್ಣು ತೆರೆಸಿದ್ದು ಅದು. ರೋಮನ್ನರಿಗೆ ಹೆದರಿ ರಬ್ಬಿ ಶಿಮೋನ್ ಬಾರ್ ಯೋಹಾಯ್ ಮತ್ತು ಅವರ ಮಗ 12 ವರ್ಷ ಗುಹೆಯಲ್ಲಿ ಅಡಗಿ ಶಾಸ್ತ್ರಾಧ್ಯಯನದಲ್ಲಿ ಮುಳುಗಿದ್ದರು. ಹೊರಗೆ ಬಂದಾಗ ಜನ ಉಳುತ್ತಿದ್ದಾರೆ, ಬಿತ್ತುತ್ತಿದ್ದಾರೆ. ನಿತ್ಯಜೀವವನ್ನು ಬಿಟ್ಟು ಕ್ಷಣಿಕವಾದದ್ದರಲ್ಲಿ ತೊಡಗಿದ್ದಾರಲ್ಲಾ ಎಂದು ಅವರಿಗೆ ತಡೆಯಲಾರದ ಸಿಟ್ಟು. ಅವರ ಕಣ್ಣು ಬಿದ್ದಲ್ಲೆಲ್ಲ ಸುಟ್ಟುಹೋಯಿತು. ನನ್ನ ಲೋಕವನ್ನು ಹಾಳುಮಾಡಲು ಬಂದಿರಾ, ಗುಹೆಗೆ ಹಿಂದಿರುಗಿ ಎಂದು ಆಕಾಶವಾಣಿ ಗದರಿಸಿತು. ಮತ್ತೆ 12 ತಿಂಗಳು ಕಳೆದು ಹೊರಬಂದರು. ಅದು ಶುಕ್ರವಾರದ ಮುಸ್ಸಂಜೆ. ಒಬ್ಬ ಮುದುಕ ಪರಿಮಳದ ಸೊಪ್ಪಿನ ಎರಡು ಕಟ್ಟುಗಳನ್ನು ಹಿಡಿದು ಓಡುತ್ತಿದ್ದಾನೆ. ಇವು ಯಾತಕ್ಕೆ ಎಂದು ಕೇಳಿದರು. ಸಬ್ಬತ್ತಿನ ಗೌರವಕ್ಕೆ ಎಂದ. ಒಂದು ಸಾಲದೇ ಎಂದರು. ಒಂದು 'ನೆನಪಿನಲ್ಲಿಡು' ಎಂಬ ಆಜ್ಞೆಗೆ, ಇನ್ನೊಂದು 'ಆಚರಿಸು' ಎಂಬ ಆಜ್ಞೆಗೆ ಎಂದ ಮುದುಕ. ವಿಮೋಚನಕಾಂಡದ ಹತ್ತು ಆಜ್ಞೆಗಳಲ್ಲಿ ಸಬ್ಬತ್ತನ್ನು ನೆನಪಿನಲ್ಲಿಡು ಎಂದಿದೆ, ಧರ್ಮೋಪದೇಶಕಾಂಡದಲ್ಲಿ ಆಚರಿಸು ಎಂದಿದೆ. ಆ ಎರಡು ಕ್ರಿಯಾಪದಗಳನ್ನು ಅವನು ಎರಡು ಕೈಗಳಲ್ಲಿ ಹಿಡಿದು ಓಡುತ್ತಿದ್ದ. ಅದನ್ನು ಕಂಡು ತಂದೆ ಮಗ ಇಬ್ಬರ ಮನಸ್ಸೂ ತಣ್ಣಗಾಯಿತು ಎಂದು ಕಥೆ ಹೇಳುತ್ತದೆ.

ಲೋಕವನ್ನು ನೋಡುವ ಎರಡು ಬಗೆಯ ಕಣ್ಣುಗಳು ಈ ಒಂದೇ ಕಥೆಯಲ್ಲಿವೆ. ನನಗೆ ಕಂಡದ್ದು ಇನ್ನೊಬ್ಬರ ಹೊಲವನ್ನು ಸುಡುವಂತಿದ್ದರೆ ನಾನು ಇನ್ನೂ ಗುಹೆಯಿಂದ ಪೂರ್ತಿ ಹೊರಗೆ ಬಂದಿಲ್ಲ ಎಂದೇ ಅರ್ಥಮಾಡಿಕೊಳ್ಳುತ್ತೇನೆ. ಈಗ ನನ್ನದೇ ಮನೆಯಲ್ಲಿ ನನಗೆ ದೊರೆತ ಒಂದು ಸೂಚನೆಯನ್ನು ಹೇಳುತ್ತೇನೆ. ಸೂಚನೆ ಎಂಬ ಶಬ್ದವನ್ನು ಇಲ್ಲಿ ಯಾವ ಅಳುಕೂ ಇಲ್ಲದೆ ಬಳಸುತ್ತಿದ್ದೇನೆ.

ಸಬ್ಬತ್ ಆಚರಣೆಯಲ್ಲಿ ನಾನು ಬಹಳ ಕಟ್ಟುನಿಟ್ಟಾಗಿದ್ದೆ. ಶುಕ್ರವಾರ ಸಂಜೆಯಿಂದ ಫೋನ್ ಮುಟ್ಟುತ್ತಿರಲಿಲ್ಲ, ಲೆಕ್ಕ ನೋಡುತ್ತಿರಲಿಲ್ಲ, ಮಾರುಕಟ್ಟೆಗೆ ಕಾಲಿಡುತ್ತಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಕಿಟಕಿಯ ಪಕ್ಕ ಕುಳಿತು ಧರ್ಮೋಪದೇಶಕಾಂಡದ 5ನೆಯ ಅಧ್ಯಾಯವನ್ನು ಓದುತ್ತಿದ್ದೆ. ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಹನ್ನೊಂದು ವರ್ಷಗಳಿಂದ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಅಂದೂ ಬಂದಿದ್ದರು. ಸೌಟೊಂದು ಕೈಜಾರಿ ಸಿಂಕಿಗೆ ಬಿದ್ದು ಠಣ್ಣೆಂದು ಸದ್ದಾಯಿತು. ನಲ್ಲಿಯ ನೀರು ನಿಂತಿತು. ಅವರು ಎರಡು ಸಲ ಕೆಮ್ಮಿದರು. ಮತ್ತೆ ನೀರು ಬಿಟ್ಟ ಸದ್ದು. ನನ್ನ ಬೆರಳು ಆಗ 14ನೆಯ ವಚನದ ಕೊನೆಯ ಮಾತಿನ ಮೇಲಿತ್ತು: ನಿನ್ನ ದಾಸನೂ ದಾಸಿಯೂ ನಿನ್ನ ಹಾಗೆಯೇ ವಿಶ್ರಮಿಸಿಕೊಳ್ಳಬೇಕು.

ಆ ವಚನವನ್ನು ಅದಕ್ಕೂ ಮುಂಚೆ ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ; ಅದರ ಮೇಲೆ ಪ್ರಸಂಗವನ್ನೂ ಮಾಡಿದ್ದೆ. ಅಷ್ಟೂ ವರ್ಷ ನನ್ನ ಸಬ್ಬತ್ತಿನ ಮೌನದೊಳಗೆ ಆ ಪಾತ್ರೆಗಳ ಸದ್ದು ಇತ್ತು, ನನಗೆ ಮಾತ್ರ ಕೇಳಿಸಿರಲಿಲ್ಲ. ನನ್ನ ವಿಶ್ರಾಂತಿಯನ್ನು ಸಿದ್ಧಪಡಿಸುತ್ತಿದ್ದದ್ದು ಅವರ ಕೈಗಳು. ಸೌಟು ಬಿದ್ದದ್ದು ಪವಾಡವೇನಲ್ಲ, ಸೋಪು ಹಚ್ಚಿದ ಕೈಯಿಂದ ಸೌಟು ಜಾರುತ್ತದೆ. ಆದರೆ ಎಂದೋ ಬರೆದಿಟ್ಟಿದ್ದ ಮಾತು ಆ ಸದ್ದಿನಿಂದ ನನಗೆ ಓದಲು ಬಂತು. ಹೊಸದಾಗಿ ಏನನ್ನೂ ಅದು ಹೇಳಲಿಲ್ಲ, ಮೊದಲೇ ಹೇಳಿದ್ದನ್ನು ಕೇಳಿಸಿತು. ದಿನನಿತ್ಯದ ಘಟನೆಯಲ್ಲಿ ದೇವರ ಸೂಚನೆ ಎಂದು ನಾನು ನಂಬುವುದು ಇಂಥದ್ದನ್ನು.

ಹೀಬ್ರೂ ಸತ್ಯವೇದದಲ್ಲಿ, ದಣಿದವನು ಉಸಿರು ತಿರುಗಿ ಪಡೆಯುವುದಕ್ಕೆ ಒಂದು ಅಪರೂಪದ ಕ್ರಿಯಾಪದವಿದೆ. ಉಸಿರು, ಪ್ರಾಣ ಎಂಬ ಅರ್ಥದ 'ನೆಫೆಶ್' ಶಬ್ದಕ್ಕೆ ಸೇರಿದ್ದು. ಅದು ಮೂರೇ ಕಡೆ ಬರುತ್ತದೆ. ಒಂದು ಕಡೆ, ತನ್ನ ಮಗ ಅಬ್ಷಾಲೋಮನಿಂದ ತಪ್ಪಿಸಿಕೊಂಡು ಓಡಿ ಬಳಲಿದ ಅರಸ ದಾವೀದನು ದಣಿವಾರಿಸಿಕೊಳ್ಳುತ್ತಾನೆ. ಇನ್ನೊಂದು ಕಡೆ, ಆಕಾಶವನ್ನೂ ಭೂಮಿಯನ್ನೂ ಮಾಡಿದ ದೇವರೇ ಏಳನೆಯ ದಿನ ದಣಿವಾರಿಸಿಕೊಳ್ಳುತ್ತಾನೆ. ಸಬ್ಬತ್ತನ್ನು ಗುರುತು ಎಂದು ಕರೆದ 31ನೆಯ ಅಧ್ಯಾಯದಲ್ಲಿಯೇ ಆ ಮಾತು ಇದೆ. ಮೂರನೆಯ ಕಡೆ, ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ, ದಣಿವಾರಿಸಿಕೊಳ್ಳಬೇಕಾದವರು ದಾಸಿಯ ಮಗ ಮತ್ತು ಪರದೇಶದವನು. ಸೃಷ್ಟಿಕರ್ತನಿಗೆ ಬಳಸಿದ ಶಬ್ದವನ್ನೇ ದಾಸಿಯ ಮಗನಿಗೂ ಬಳಸಿದ್ದಾರೆ. ನಮ್ಮ ಮನೆಯ ಸಿಂಕಿನ ಮುಂದೆ ಕೇಳಿಸಿದ ಆ ಕೆಮ್ಮು ನನಗೆ ಈಗಲೂ ಈ ಶಬ್ದದ ಜೊತೆಗೇ ನೆನಪಾಗುತ್ತದೆ.

ಮುಂದಿನ ವಾರ ನನ್ನ ಹೆಂಡತಿ ಅವರಿಗೆ, ಇನ್ನು ಮುಂದೆ ಶನಿವಾರ ಬರುವುದು ಬೇಡ, ಸಂಬಳದಲ್ಲಿ ಏನೂ ಕಡಿತವಿಲ್ಲ ಎಂದು ಹೇಳಿದಳು. ಅವರ ಮುಖ ಬಾಡಿಹೋಯಿತು. "ನನ್ನನ್ನ ಕೆಲಸದಿಂದ ತೆಗೀತಾ ಇದೀರಾ ಅಮ್ಮಾ?" ಎಂದು ಕೇಳಿದರು. ಬಿಡುವು ಎಂದರೆ ಕೆಲಸ ಹೋಗುವುದು ಎಂದಷ್ಟೇ ಗೊತ್ತಿರುವ ಬದುಕಿಗೆ, ಬಿಡುವು ಎಂದರೆ ಬಿಡುವೇ ಎಂದು ನಂಬಿಕೆ ಹುಟ್ಟಲು ಎರಡು ತಿಂಗಳು ಹಿಡಿಯಿತು. ಮನ್ನ ಸಿಗದ ದಿನವೂ ಹೊರಗೆ ಹೋಗಿ ಹುಡುಕಿದವರು ನನಗೆ ಆಗ ಚೆನ್ನಾಗಿ ಅರ್ಥವಾದರು.

ಆಚರಣೆಯೇ ಗುರುತಾಗುವುದು ಹೇಗೆ ಎಂಬುದಕ್ಕೆ ನನಗೆ ಬಹಳ ಪ್ರಿಯವಾದ ಒಂದು ನಿದರ್ಶನವಿದೆ. ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಶತಮಾನಗಳಿಂದ ಬಾಳಿದ ಬೆನೆ ಇಸ್ರೇಲ್ ಎಂಬ ಯೆಹೂದ್ಯ ಸಮುದಾಯದವರು ಗಾಣದಿಂದ ಎಣ್ಣೆ ತೆಗೆಯುವ ಕಸುಬಿನವರಾಗಿದ್ದರು. ಹೊರಗಿನ ಯೆಹೂದ್ಯ ಲೋಕದ ಸಂಪರ್ಕ ಅವರಿಗೆ ಬಹುಕಾಲ ಇರಲಿಲ್ಲ. ಆದರೂ ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಸುತ್ತಲಿನ ಜನ ಅವರಿಗೆ ಇಟ್ಟ ಹೆಸರು 'ಶನಿವಾರ ತೇಲಿ', ಎಂದರೆ ಶನಿವಾರದ ಗಾಣಿಗರು. ಆರು ದಿನ ಕೇಳಿಸುವ ಗಾಣದ ಕಿರುಗುಟ್ಟುವಿಕೆ ಏಳನೆಯ ದಿನ ನೆರೆಯವರ ಕಿವಿಗೆ ಕೇಳಿಸದಿರುವುದು, ಯಾವ ಪ್ರಸಂಗವೂ ಇಲ್ಲದೆ ಆ ಜನ ಯಾರೆಂಬುದನ್ನು ಸಾರಿತು. ಸಬ್ಬತ್ತಿನ ಸೂಚನೆಯನ್ನು ಅವರು ಘಟನೆಗಳಲ್ಲಿ ಹುಡುಕಲಿಲ್ಲ. ನಿಂತ ಗಾಣ ನೆರೆಯವರ ಪಾಲಿಗೆ ತಾನೇ ಒಂದು ಘಟನೆಯಾಯಿತು.

ಆ ತರುಣಿಗೆ ನಾನು ಬರೆದ ಉತ್ತರದಲ್ಲಿ ಇಷ್ಟೆಲ್ಲ ಇರಲಿಲ್ಲ. ಕರೆಂಟು ಹೋದದ್ದು ಏಕೆಂದು ನಾನು ಹೇಳಲಾರೆ ಎಂದು ಬರೆದೆ. ಆದರೆ ಮೂರು ಶುಕ್ರವಾರವೂ ಕೆಲಸ ನಿಂತ ಕ್ಷಣದಲ್ಲಿ ನಿಮ್ಮ ಮನಸ್ಸಿನಲ್ಲಿ ಮೊದಲು ಹುಟ್ಟಿದ್ದು ಏನು, ಸಿಟ್ಟೋ, ಹೆದರಿಕೆಯೋ, ಸಮಾಧಾನವೋ, ಅದನ್ನು ಗಮನಿಸಿ ನನಗೆ ತಿಳಿಸಿ ಎಂದು ಕೇಳಿದೆ. ಅವರ ಉತ್ತರ ಎರಡು ವಾರಗಳ ಮೇಲೆ ಬಂತು. ಮೂರು ಸಲವೂ ಮೊದಲು ಹುಟ್ಟಿದ್ದು ಸಮಾಧಾನವಂತೆ. ಯಾರಾದರೂ ತನ್ನನ್ನು ನಿಲ್ಲಿಸಲಿ ಎಂದು ತಾನು ಬಹಳ ದಿನಗಳಿಂದ ಕಾಯುತ್ತಿದ್ದೆನೆಂದು ಅದರಿಂದ ಗೊತ್ತಾಯಿತಂತೆ. ಪತ್ರದ ಕೊನೆಯಲ್ಲಿ ನಾಲ್ಕನೆಯ ಶುಕ್ರವಾರದ ಸುದ್ದಿ ಇತ್ತು. ಅಂದು ಕರೆಂಟು ಹೋಗಲಿಲ್ಲ, ಇಂಟರ್‌ನೆಟ್ ಕಡಿಯಲಿಲ್ಲ, ಕಂಪ್ಯೂಟರ್ ಚೆನ್ನಾಗಿಯೇ ನಡೆಯುತ್ತಿತ್ತು, ಮುಗಿಸಬೇಕಾದ ಕೆಲಸ ಇನ್ನೂ ಅರ್ಧ ಗಂಟೆಯದಿತ್ತು. ಕಿಟಕಿಯ ಹೊರಗೆ ಹೊತ್ತು ಮುಳುಗುವುದನ್ನು ನೋಡಿ, ಲೆಕ್ಕದ ಹಾಳೆಯನ್ನು ಉಳಿಸಿ, ಅವರೇ ಕಂಪ್ಯೂಟರನ್ನು ಆರಿಸಿದರು.